ಸಂಸಾರ ಕೋಣೆಯ ಮಳೆಗಾಲ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಗೆಳೆಯರೊಬ್ಬರು ಕಳೆದ ತಿಂಗಳು ನನಗೊಂದು ಸುದೀರ್ಘವಾದ ಪತ್ರವನ್ನು ಬರೆದಿದ್ದರು. ಸೋಮವಾರಪೇಟೆಯ ಸಮೀಪದಲ್ಲಿ ಅವರಿಗೆ ಪಿತ್ರಾರ್ಜಿತವಾಗಿ ಬಂದ ಮೂರೆಕರೆ ಕಾಫಿ ತೋಟವುಂಟು. ತೋಟಕ್ಕೆ ಹೋದಾಗ ಹೊತ್ತು ಕಳೆಯಲು ಒಂದು ಹವ್ಯಾಸವಿರಲೆಂದು ಅಲ್ಲಿ ಎರಡು ಜೇನುಪೆಟ್ಟಿಗೆಗಳನ್ನು ಇರಿಸಿದ್ದಾರೆ. ಹವ್ಯಾಸ ಹಿಡಿದೊಡನೆ ಪುಸ್ತಕ ಕೊಳ್ಳುವುದು ನಮ್ಮಂಥ ಓದಿದವರ ಸ್ವಭಾವ. ಅವರೂ ಇಂಗ್ಲೆಂಡಿನಲ್ಲಿ ಅಚ್ಚಾದ ದಪ್ಪನೆಯ ಗ್ರಂಥವೊಂದನ್ನು ತರಿಸಿ ಓದಿದ್ದಾರೆ. ಅಕ್ಟೋಬರ್ ಬಂದೊಡನೆ ಗೂಡುಗಳನ್ನು ಚಳಿಗಾಲಕ್ಕೆ ಅಣಿಗೊಳಿಸಬೇಕು, ಪೆಟ್ಟಿಗೆಗೆ ಹೊದಿಕೆ ಸುತ್ತಬೇಕು, ಬೆಚ್ಚಗಿನ ಜಾಗವನ್ನರಸಿ ಬರುವ ಇಲಿಗಳು ಒಳನುಗ್ಗದಂತೆ ಬಾಗಿಲನ್ನು ಕಿರಿದುಗೊಳಿಸಬೇಕು ಎಂದೆಲ್ಲ ಅದರಲ್ಲಿ ಹೇಳಿದೆಯಂತೆ. ಪತ್ರದ ಕೊನೆಯಲ್ಲಿ ಅವರ ಪ್ರಶ್ನೆ ಹೀಗಿತ್ತು: “ಕೊಡಗಿನ ಡಿಸೆಂಬರ್ ಚಳಿ ಎಂಥದೆಂದು ನಿಮಗೆ ಗೊತ್ತೇ ಇದೆ. ನನ್ನ ಎರಡು ಪೆಟ್ಟಿಗೆಗಳಿಗೂ ಕಂಬಳಿ ಹೊದಿಸಲೇ?”

ಪತ್ರವನ್ನು ಓದಿ ನನ್ನ ಶ್ರೀಮತಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಐದು ವರ್ಷಗಳ ಹಿಂದೆ ನನ್ನ ಅಜ್ಞಾನ ಇದಕ್ಕಿಂತ ಹೆಚ್ಚಿನದಾಗಿತ್ತು. ಗೆಳೆಯರಾದರೋ ಗೂಡಿಗೊಂದು ಕಷ್ಟಕಾಲವುಂಟು ಎಂಬುದನ್ನಾದರೂ ಬಲ್ಲರು. ನಾನು ಅದನ್ನೂ ಅರಿತಿರಲಿಲ್ಲ.

ಶೀತದೇಶಗಳ ಜೇನುನೊಣಗಳು ಚಳಿಗಾಲದಲ್ಲಿ ನಿದ್ರಿಸುತ್ತವೆ ಎಂದು ಅನೇಕರು ಭಾವಿಸಿದ್ದಾರೆ. ಅದು ನಿಜವಲ್ಲ. ಅವು ರಾಣಿಯನ್ನು ನಡುವಿಟ್ಟುಕೊಂಡು ಒಂದಕ್ಕೊಂದು ಒತ್ತಿಕೊಂಡು ಚೆಂಡಿನಂತೆ ಗುಂಪುಗೂಡುತ್ತವೆ. ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಮೈಶಾಖವನ್ನು ಉಂಟುಮಾಡುತ್ತವೆ. ಒಲೆ ಉರಿಯಲು ಸೌದೆ ಬೇಕಲ್ಲವೇ? ಈ ಒಲೆಗೆ ಸೌದೆಯೆಂದರೆ ಜೇನು. ಕಡುಚಳಿಯ ನಾಡುಗಳಲ್ಲಿ ಒಂದು ಗೂಡಿಗೆ ಇಪ್ಪತ್ತು ಮೂವತ್ತು ಕಿಲೋ ಜೇನನ್ನು ಉಳಿಸಿಯೇ ಸಾಕುವವನು ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ.

ಕೊಡಗಿನಲ್ಲಿ ಕ್ರಮವೇ ಬೇರೆ. ಡಿಸೆಂಬರಿನಲ್ಲಿ ನಮ್ಮ ನೊಣಗಳಿಗೆ ಯಾವ ಸಂಕಟವೂ ಇಲ್ಲ. ಮುಂಜಾನೆಯ ಮಂಜು ಕರಗುವುದನ್ನೇ ಕಾದಿದ್ದು ಹೊರಡುತ್ತವೆ; ಆ ಕಾಲದಲ್ಲಿ ಸಂಸಾರ ಬೆಳೆದು ಪಾಲಾಗುವ ಸಿದ್ಧತೆಯಲ್ಲಿರುತ್ತವೆ. ಫೆಬ್ರವರಿ, ಮಾರ್ಚಿಯಲ್ಲಿ ಹೂಮಳೆ ಬಿದ್ದು, ಒಂಬತ್ತು ಹತ್ತು ದಿನಗಳಲ್ಲಿ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದಾಗ ಅವಕ್ಕೆ ಸುಗ್ಗಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಡಿನ ಮರಗಳ ಹೂವು. ಆಮೇಲೆ ಜೂನ್ ಬರುತ್ತದೆ. ನಮ್ಮ ನೊಣಗಳ ಚಳಿಗಾಲ ಆಗ ಮೊದಲಾಗುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಅದರ ಬಹುಪಾಲು ಬೀಳುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಹೂವಿರುವುದೇ ಅಪರೂಪ, ಇದ್ದ ಹೂವಿನ ಮಕರಂದವನ್ನು ಮಳೆ ತೊಳೆದುಬಿಡುತ್ತದೆ, ತೊಳೆಯದೆ ಉಳಿದರೂ ತರಲು ಹೊರಡುವ ನೊಣಕ್ಕೆ ಹಾರಲು ಬಿಡುವಿಲ್ಲ. ವಾರಗಟ್ಟಲೆ ಬಾಗಿಲಲ್ಲಿ ಬಂದು ಇಣುಕಿ ಹಿಂದಿರುಗುತ್ತವೆ. ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ. ಒಳಗಿರುವ ದಾಸ್ತಾನು ದಿನದಿನಕ್ಕೂ ಕರಗುತ್ತದೆ.

ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನೊಣದ ಹೆಸರು ತುಡುವೆ. ಹೆಜ್ಜೇನು ಬಯಲಲ್ಲಿ ಒಂದೇ ದೊಡ್ಡ ಎರಿಯನ್ನು ಕಟ್ಟಿದರೆ, ತುಡುವೆ ಮರದ ಪೊಟರೆಯಲ್ಲೋ ಹುತ್ತದಲ್ಲೋ ಕತ್ತಲೆಯಲ್ಲಿ ಸಾಲುಸಾಲಾಗಿ ಎರಿಗಳನ್ನು ಕಟ್ಟುತ್ತದೆ. ಆದ್ದರಿಂದಲೇ ಪೆಟ್ಟಿಗೆಗೆ ಒಗ್ಗುತ್ತದೆ. ಯೂರೋಪಿನ ನೊಣಕ್ಕೂ ಇದಕ್ಕೂ ಇರುವ ಒಂದು ಮುಖ್ಯ ಭೇದವನ್ನು ಗೆಳೆಯರ ಗ್ರಂಥ ಹೇಳಿರಲಾರದು. ಆ ನೊಣ ಹಸಿವಾದರೂ ಬಹುಮಟ್ಟಿಗೆ ಗೂಡಿನಲ್ಲೇ ಉಳಿದು, ಕೊನೆಗೆ ಅಲ್ಲಿಯೇ ಸಾಯುತ್ತದೆ. ತುಡುವೆ ಹಾಗಲ್ಲ. ಅನ್ನವಿಲ್ಲದ ಮನೆಯನ್ನು ಬಿಟ್ಟು ಹೊರಡುವುದು ಅದರ ಜಾಯಮಾನ. ಹೊರಡುವ ಮೊದಲು ಮರಿ ಬೆಳೆಸುವುದನ್ನು ನಿಲ್ಲಿಸುತ್ತದೆ. ಉಳಿದ ಜೇನನ್ನು ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಮಳೆ ಹೊಳವಾದ ಒಂದು ಮಧ್ಯಾಹ್ನ ಸಂಸಾರ ಸಮೇತ ಎದ್ದುಹೋಗುತ್ತದೆ. ಸಾಕಿದವನಿಗೆ ಹೇಳಿಹೋಗುವ ಪದ್ಧತಿ ಅದಕ್ಕಿಲ್ಲ.

ಇದನ್ನೆಲ್ಲ ನಾನು ಪುಸ್ತಕದಿಂದ ಕಲಿತವನಲ್ಲ. ಕಲಿತ ಬಗೆಯನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾದರೂ ಹೇಳಿಯೇ ಬಿಡುತ್ತೇನೆ.

ನಾನು ಮೈಸೂರು ಸೀಮೆಯ ಬಯಲಿನವನು. ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿ ಮಡಿಕೇರಿಗೆ ಬಂದಾಗ, ತುಂಬಿಯೆಂದರೆ ನನಗೆ ಕಾವ್ಯದ ತುಂಬಿ. ಹಳಗನ್ನಡದಲ್ಲಿ ಅದಕ್ಕೆ ಬರಗಾಲವಿಲ್ಲ. ಆದರೆ ನಮ್ಮ ಕವಿಗಳು ಮಳೆಗಾಲದ ವರ್ಣನೆಗೆ ನವಿಲನ್ನು ಕರೆದರು, ವಿರಹಿಣಿಯನ್ನು ಕರೆದರು. ತುಂಬಿಯನ್ನು ಬಹುಮಟ್ಟಿಗೆ ವಸಂತಕ್ಕೇ ಮೀಸಲಿಟ್ಟರು. ಮಳೆಯಲ್ಲಿ ಅದು ಏನನ್ನು ಉಣ್ಣುತ್ತದೆಂದು ನಾನಾಗಲಿ ನನ್ನ ವಿದ್ಯಾರ್ಥಿಗಳಾಗಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಮ್ಮ ಬಾಡಿಗೆಮನೆ ಪಟ್ಟಣದ ಅಂಚಿನಲ್ಲಿದೆ. ಹಿತ್ತಿಲ ಬೇಲಿಯಾಚೆಗೆ ಒಬ್ಬ ಹಿರಿಯರ ಎರಡೆಕರೆ ತೋಟ. ಅರೆಭಾಷೆಯನ್ನಾಡುವ ಗೌಡ ಮನೆತನದವರು. ವಯಸ್ಸು ಎಪ್ಪತ್ತೈದನ್ನು ದಾಟಿದೆ. ನಮ್ಮ ಮಗಳು ಅವರನ್ನು ಅಜ್ಜ ಎಂದು ಕರೆಯತೊಡಗಿದ ಮೇಲೆ ನಮಗೂ ಅವರು ಅಜ್ಜನೇ ಆದರು. ಅವರಿಂದ ಪಡೆದ ಒಂದು ಸಂಸಾರ, ಹಣ ಕೊಟ್ಟು ತಂದ ಎರಡು ಸಂಸಾರ, ಹೀಗೆ ಮೂರು ಪೆಟ್ಟಿಗೆಗಳೊಡನೆ ನನ್ನ ಹವ್ಯಾಸ ಆರಂಭವಾಯಿತು.

ಈ ಪೆಟ್ಟಿಗೆಯ ರಚನೆಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ಎರಿಗಳ ನಡುವೆ ನೊಣ ಓಡಾಡಲು ಬಿಡುವ ಸಂದು ಇಂತಿಷ್ಟೇ ಅಗಲವೆಂಬುದನ್ನು 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಎಂಬವರು ಮನಗಂಡು, ಬೇಕಾದಾಗ ಹೊರತೆಗೆದು ಮರಳಿ ಇಡಬಲ್ಲ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ತುಡುವೆಯ ಗಾತ್ರ ಚಿಕ್ಕದು. ಅದಕ್ಕೊಪ್ಪುವ ಚಿಕ್ಕ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬಳಕೆಗೆ ತಂದವರು ತಿರುಚಿರಾಪಳ್ಳಿಯ ಫಾದರ್ ನ್ಯೂಟನ್. ಇದರಲ್ಲಿ ಎರಡು ಅಂತಸ್ತು. ಕೆಳಗಿನದು ರಾಣಿ, ಮೊಟ್ಟೆ, ಮರಿಗಳು ಇರುವ ಸಂಸಾರ ಕೋಣೆ. ಮೇಲಿನದು ಜೇನು ಕೋಣೆ. ಎಷ್ಟು ಸೊಗಸಾದ ಹೆಸರುಗಳು! ಈ ಪೆಟ್ಟಿಗೆ ಬರುವುದಕ್ಕೆ ಮೊದಲು ಜೇನು ಬೇಕಾದವನು ಗೂಡನ್ನೇ ಕಿತ್ತು ಹಿಂಡುತ್ತಿದ್ದ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಚೌಕಟ್ಟುಗಳು ಬಂದ ಮೇಲೆ ಆ ಪ್ರಶ್ನೆ ಹುಟ್ಟಿತು.

ನನಗೆ ಅದು ಹುಟ್ಟಲಿಲ್ಲ. ಮೊದಲನೆಯ ವರ್ಷ ಹೂವು ಚೆನ್ನಾಗಿತ್ತು. ಮೇ ತಿಂಗಳ ಎರಡನೆಯ ವಾರದಲ್ಲಿ ಯಂತ್ರವನ್ನು ಎರವಲು ತಂದು ಜೇನು ತೆಗೆದೆವು. ಮೇಲಿನ ಕೋಣೆಗಳು ಬರಿದಾದವು. ಕೆಳಗಿನ ಕೋಣೆಯ ಅಂಚಿನ ಎರಿಗಳಲ್ಲಿಯೂ ಮೇಣ ಮುಚ್ಚಿದ ಜೇನು ಥಳಥಳಿಸುತ್ತಿತ್ತು. ಅದನ್ನೂ ತೆಗೆದೆ. ಮೂರು ಪೆಟ್ಟಿಗೆಗಳಿಂದ ಹದಿನೆಂಟು ಕಿಲೋ! ಸೀಸೆಗಳಿಗೆ ಕಾಗದದ ಪಟ್ಟಿಗಳನ್ನಂಟಿಸಿ, ಅವುಗಳ ಮೇಲೆ ನನ್ನ ಕೈಯಾರೆ ಮನೆಯ ಜೇನು ಎಂದು ಬರೆದೆ. ಸಹೋದ್ಯೋಗಿಗಳಿಗೆ, ಮೈಸೂರಿನ ಬಂಧುಗಳಿಗೆ, ನೆರೆಹೊರೆಗೆಲ್ಲ ಹಂಚಿದೆ. ದಾನಶೂರನೆಂಬ ಖ್ಯಾತಿ ನನಗೆ ಬಂತು. ದಾನ ಮಾಡಿದ್ದು ಯಾರ ಮನೆಯದು ಎಂದು ಯಾರೂ ಕೇಳಲಿಲ್ಲ, ಒಬ್ಬರ ಹೊರತು.

ಸೀಸೆಯನ್ನು ಕೊಡಲು ಹೋದಾಗ ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಕೆಳಗಿನ ಕೋಣೆಯಿಂದಲೂ ತೆಗೆದಿರಾ ಮೇಷ್ಟ್ರೇ?”

“ಹೌದು ಅಜ್ಜ. ಒಂದು ಹನಿಯನ್ನೂ ಬಿಡಲಿಲ್ಲ” ಎಂದೆ, ಹೆಮ್ಮೆಯಿಂದ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಆಟಿಯಲ್ಲಿ ಅವಕ್ಕೆ ಏನು ಕೊಡುತ್ತೀರಿ?”

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಡುಮಳೆಯ ತಿಂಗಳೇ ಆಟಿ. ಕೊಡವರು ಅದನ್ನು ಕಕ್ಕಡ ಎನ್ನುತ್ತಾರೆ. “ಸಕ್ಕರೆ ಪಾಕ ಕೊಟ್ಟರಾಯಿತು” ಎಂದು ಹಗುರವಾಗಿ ಉತ್ತರಿಸಿ ಬಂದೆ.

ಜೂನಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಪರಸ್ಥಳಕ್ಕೆ ಹೋದವನು ಪಾಕದ ಮಾತನ್ನೇ ಮರೆತೆ. ಹಿಂದಿರುಗಿ ನೋಡಿದಾಗ ನೊಣಗಳ ಓಡಾಟ ಕುಗ್ಗಿತ್ತು. ಗಾಬರಿಯಿಂದ ಪಾಕವನ್ನು ಮಾಡಿ, ಹೊಳವಾದೊಂದು ಹಗಲಿನಲ್ಲಿ ಅಗಲವಾದ ತಟ್ಟೆಗಳಲ್ಲಿ ಸುರಿದು ಪೆಟ್ಟಿಗೆಗಳ ಮುಂದೆಯೇ ಇಟ್ಟೆ. ಹಸಿದವರ ನಡುವೆ ಅನ್ನವನ್ನು ಹಾಗೆ ಚೆಲ್ಲಬಾರದೆಂದು ನನಗೆ ತಿಳಿದಿರಲಿಲ್ಲ. ಅರ್ಧ ಗಂಟೆಯಲ್ಲಿ ಬಲವಾದ ಗೂಡಿನ ನೊಣಗಳು ಬಡವಾದ ಗೂಡಿಗೆ ನುಗ್ಗಿ, ಅಲ್ಲಿ ಉಳಿದಿದ್ದ ಅಷ್ಟಿಷ್ಟು ಜೇನನ್ನೂ ದೋಚತೊಡಗಿದವು. ಬಾಗಿಲಲ್ಲಿ ಕಾಳಗವೇ ನಡೆಯಿತು. ಸತ್ತ ನೊಣಗಳನ್ನು ನನ್ನ ಮಗಳು ಒಂದೊಂದಾಗಿ ಆರಿಸಿ ಎಲೆಯ ಮೇಲಿಟ್ಟಳು.

ಜುಲೈ ಕೊನೆಯಲ್ಲಿ ಆ ಬಡವಾದ ಪೆಟ್ಟಿಗೆಯನ್ನು ತೆರೆದೆ. ಒಂದು ನೊಣವೂ ಇಲ್ಲ. ಹೆಣವೂ ಇಲ್ಲ. ಎರಿಗಳಲ್ಲಿ ಮೇಣದ ಹುಳು ಸುರಂಗ ಕೊರೆದು ಬಿಳಿಯ ಬಲೆಯನ್ನು ಹೆಣೆದಿತ್ತು. ಮರುವಾರ ಎರಡನೆಯ ಪೆಟ್ಟಿಗೆಯೂ ಬರಿದಾಯಿತು. ಅಜ್ಜ ಕೊಟ್ಟ ಸಂಸಾರ ಅದೇ ಆಗಿತ್ತು.

“ಅಪ್ಪಾ, ಅವಕ್ಕೆ ಊಟ ಇರಲಿಲ್ಲವಾ?” ಎಂದು ಮಗಳು ಕೇಳಿದಳು. ಅಡುಗೆಮನೆಯ ಗೂಡಿನಲ್ಲಿ ನಮಗೆಂದು ಉಳಿಸಿಕೊಂಡಿದ್ದ ಎರಡು ಸೀಸೆಗಳಿದ್ದವು. ಅವನ್ನು ಆ ವರ್ಷ ನಾವು ಯಾರೂ ಮುಟ್ಟಲಿಲ್ಲ.

ಅಜ್ಜನಿಗೆ ಮುಖ ತೋರಿಸಲು ನಾಚಿ ನಾಲ್ಕಾರು ದಿನ ಹಿತ್ತಿಲಿಗೇ ಹೋಗಲಿಲ್ಲ. ಆಗಸ್ಟ್ 3ರಂದು, ಆಟಿಯ ಹದಿನೆಂಟನೆಯ ದಿನ, ಅವರೇ ಬಂದರು. ಆ ದಿನ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪನ್ನು ಬೇಯಿಸಿ, ಅದರ ನೇರಳೆ ಬಣ್ಣದ ರಸದಿಂದ ಪಾಯಸ ಮಾಡುವುದು ವಾಡಿಕೆ. ಒಂದು ಕೈಯಲ್ಲಿ ಪಾಯಸದ ಪಾತ್ರೆ. ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಎರಡು ಚೌಕಟ್ಟುಗಳು. ಎರಡರಲ್ಲಿಯೂ ಮೇಣ ಮುಚ್ಚಿದ ಜೇನು. ತಮ್ಮ ಸ್ವಂತ ಗೂಡಿನಿಂದ ತೆಗೆದು ತಂದಿದ್ದರು.

“ಉಳಿದಿರುವ ಒಂದಕ್ಕಾದರೂ ಇದನ್ನು ಕೊಡಿ. ನನ್ನ ಪೆಟ್ಟಿಗೆಯಲ್ಲಿ ರೋಗವಿಲ್ಲ, ನೋಡಿಯೇ ತಂದೆ.”

ಅವರು ರೋಗದ ಮಾತನ್ನೆತ್ತಿದ್ದಕ್ಕೆ ಕಾರಣವಿತ್ತು. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಸ್ಥಾಪನೆಯಾದದ್ದು 1936ರಲ್ಲಿ, ಕೊಡಗು ಪ್ರತ್ಯೇಕ ಪ್ರಾಂತವಾಗಿದ್ದ ಕಾಲದಲ್ಲಿ. ಅಂದಿನಿಂದ ಅರ್ಧ ಶತಮಾನ ಕಾಲ ಕೊಡಗಿನ ಜೇನೆಂದರೆ ದೇಶದಲ್ಲೆಲ್ಲ ಹೆಸರು. ಅಜ್ಜನ ತೋಟದಲ್ಲಿಯೂ ಇಪ್ಪತ್ತು ಪೆಟ್ಟಿಗೆಗಳಿದ್ದುವಂತೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತವನ್ನು ಹೊಕ್ಕಿತು. ಮರಿಹುಳುಗಳು ಕಣದಲ್ಲಿಯೇ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ಇಂದಿಗೂ ಅದನ್ನು ವಾಸಿಮಾಡುವ ಔಷಧವಿಲ್ಲ. ತುಡುವೆಯ ಸಂಸಾರಗಳಲ್ಲಿ ಬಹುಪಾಲು ನಾಶವಾದವು. ಅಜ್ಜನ ಇಪ್ಪತ್ತೂ ಹೋದವು. ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿ, ಎಷ್ಟೋ ವರ್ಷಗಳ ಮೇಲೆ ಒಂದು ಮರದ ಪೊಟರೆಯಲ್ಲಿ ಆರೋಗ್ಯವಾಗಿದ್ದ ಗೂಡನ್ನು ಕಂಡು ತಂದು ಮರಳಿ ಆರಂಭಿಸಿದವರು ಅವರು. ಅಷ್ಟನ್ನು ಕಳೆದುಕೊಂಡವರು ನನ್ನಂಥ ಅವಿವೇಕಿಗೆ ಎರಡು ಎರಿ ಜೇನನ್ನು ತಂದುಕೊಟ್ಟರು. ಆ ಒಂದು ಸಂಸಾರ ಉಳಿಯಿತು. ಇಂದು ನನ್ನಲ್ಲಿರುವ ನಾಲ್ಕು ಪೆಟ್ಟಿಗೆಗಳೂ ಅದರ ಸಂತತಿಯೇ.

ಅಂದಿನಿಂದ ಮೇ ತಿಂಗಳೆಂದರೆ ನನಗೆ ತೆಗೆಯುವ ತಿಂಗಳಲ್ಲ, ಅಣಿಗೊಳಿಸುವ ತಿಂಗಳು. ಗೆಳೆಯರಿಗೂ, ಈ ಹವ್ಯಾಸವುಳ್ಳ ವಾಚಕರಿಗೂ ಪ್ರಯೋಜನವಾದೀತೆಂದು ಕ್ರಮವನ್ನು ಹೇಳುತ್ತೇನೆ.

ಮೊದಲನೆಯದಾಗಿ, ಸಂಸಾರ ಕೋಣೆಯ ಜೇನಿಗೆ ಎಂದೂ ಕೈಹಾಕಬಾರದು. ಮೇಲಿನ ಕೋಣೆಯ ಕೊಯ್ಲನ್ನೂ ಮೇ ಮೊದಲ ವಾರಕ್ಕೇ ಮುಗಿಸುತ್ತೇನೆ; ಆಮೇಲೆ ಬರುವುದು ಅವುಗಳ ಪಾಲು. ಮಳೆ ಹಿಡಿಯುವ ಮುನ್ನ ಬರಿದಾದ ಮೇಲಿನ ಕೋಣೆಯನ್ನು ತೆಗೆದಿಡಬೇಕು. ದೊಡ್ಡ ಮನೆಯಲ್ಲಿ ಸಣ್ಣ ಸಂಸಾರ ಬೆಚ್ಚಗಿರಲಾರದು. ನೊಣಗಳು ಮುಚ್ಚಿ ಕುಳಿತುಕೊಳ್ಳಲಾರದಷ್ಟು ಹಳೆಯ ಕಪ್ಪು ಎರಿಗಳಿದ್ದರೆ ಅವನ್ನೂ ತೆಗೆದು ಕರಗಿಸಬೇಕು. ಇಲ್ಲವಾದರೆ ಅವು ಮೇಣದ ಹುಳುವಿಗೆ ತವರುಮನೆ. ಆ ಹುಳುವಿನ ಪತಂಗ ಕಸದಲ್ಲಿಯೂ ಮೊಟ್ಟೆಯಿಡುವುದರಿಂದ ಅಡಿಹಲಗೆಯನ್ನು ವಾರಕ್ಕೊಮ್ಮೆ ಗುಡಿಸುವುದು ಅವಶ್ಯಕ.

ಎರಡನೆಯದು ಸಂದುಗಳನ್ನು ಮುಚ್ಚುವುದು. ಯೂರೋಪಿನ ನೊಣ ಮರದ ಅಂಟನ್ನು ತಂದು ತನ್ನ ಮನೆಯ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲ. ಆದ್ದರಿಂದ ಜೇಡಿಮಣ್ಣಿಗೆ ಸೆಗಣಿ ಬೆರೆಸಿ ನಾವೇ ಮೆತ್ತಬೇಕು. ಒಳಬಿದ್ದ ನೀರು ಹೊರಹರಿಯುವಂತೆ ಪೆಟ್ಟಿಗೆಯನ್ನು ಬಾಗಿಲ ಕಡೆಗೆ ತುಸು ಬಾಗಿಸಿಡಬೇಕು. ಮೇಲೆ ತಗಡನ್ನು ಹೊದಿಸಿ, ಗಾಳಿಗೆ ಹಾರದಂತೆ ಹಗ್ಗದಿಂದ ಬಿಗಿಯಬೇಕು. ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಪೆಟ್ಟಿಗೆಯನ್ನು ಕಡಿದ ಬರೆಯ ಅಂಚಿಗೆ ಇಡಲೇಬಾರದು. 2018ರ ಆಗಸ್ಟಿನಲ್ಲಿ ಈ ಜಿಲ್ಲೆಯ ಗುಡ್ಡಗಳು ಕುಸಿದು ಮನೆಮಠಗಳೇ ಕೊಚ್ಚಿಹೋದವು. ಜೇನುಪೆಟ್ಟಿಗೆಯ ಮಾತನ್ನಾಡಲೂ ಬಾಯಿ ಬಾರದ ದಿನಗಳವು.

ಮೂರನೆಯದು ಸಕ್ಕರೆ. ಇದು ನನ್ನ ಶ್ರೀಮತಿಗೂ ನನಗೂ ನಡುವಿನ ವಾರ್ಷಿಕ ವಿವಾದದ ವಿಷಯ. ಬಿಸಿನೀರಿಗೆ ಸಮತೂಕದ ಸಕ್ಕರೆಯನ್ನು ಕರಗಿಸಿ, ಚೆನ್ನಾಗಿ ಆರಿಸಿ, ಸಂಜೆ ನೊಣಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಯ ಒಳಗಡೆಯೇ ಇಡಬೇಕು. ಮುಳುಗಿ ಸಾಯದಂತೆ ಮೇಲೆ ನಾಲ್ಕು ಕಡ್ಡಿಗಳನ್ನು ತೇಲಿಬಿಡಬೇಕು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಂಜೆ ಕೊಡಬೇಕು. ಒಂದು ಹನಿಯೂ ಹೊರಗೆ ಚೆಲ್ಲಬಾರದು. ವಾರಕ್ಕೊಂದು ಲೋಟ ಸಾಕು. ಮಿಕ್ಕು ಹುಳಿತದ್ದನ್ನು ತೆಗೆದು ಚೆಲ್ಲಬೇಕು.

ಆದರೆ ಸಕ್ಕರೆ ಜೇನಿಗೆ ಸಮನಲ್ಲ; ಅದು ಗಂಜಿಯಿದ್ದಂತೆ, ಪ್ರಾಣ ಹಿಡಿದಿಡುತ್ತದೆ ಅಷ್ಟೇ. ಮರಿಗಳನ್ನು ಬೆಳೆಸಲು ಪರಾಗ ಬೇಕು. ಮಳೆಯಲ್ಲಿಯೂ ಹೂಬಿಡುವ ಮುಟ್ಟಿದರೆ ಮುನಿಯನ್ನು ಕಳೆಯೆಂದು ನಾನೀಗ ಕೀಳಿಸುವುದಿಲ್ಲ. ಮತ್ತೊಂದು ಮಾತು ಧರ್ಮಕ್ಕೆ ಸಂಬಂಧಪಟ್ಟದ್ದು. ಹೂವಿನ ಕಾಲ ಆರಂಭವಾಗಿ ಮೇಲಿನ ಕೋಣೆಯನ್ನಿಡುವುದಕ್ಕೆ ಸಾಕಷ್ಟು ಮೊದಲೇ ಪಾಕವನ್ನು ನಿಲ್ಲಿಸಿಬಿಡಬೇಕು. ನಿಲ್ಲಿಸದವನು ಅಂಗಡಿಯ ಸಕ್ಕರೆಯನ್ನೇ ನೊಣಗಳ ಮೂಲಕ ಹಾಯಿಸಿ, ಜೇನೆಂದು ಹೆಸರಿಟ್ಟು, ಬಂಧುಗಳ ಮಕ್ಕಳ ಬಾಯಿಗೆ ಹಾಕಿದಂತಾಗುತ್ತದೆ.

ಇಷ್ಟೆಲ್ಲ ಪಾಡು ಕೆಲವು ಸೀಸೆ ಜೇನಿಗಾಗಿಯೇ ಎಂದು ಯಾರಾದರೂ ಕೇಳಬಹುದು. ಜೇನಿಗಾಗಿ ಮಾತ್ರವಲ್ಲ. ಅರೇಬಿಕಾ ಕಾಫಿ ಸ್ವಪರಾಗದಿಂದಲೇ ಕಾಯಿಕಟ್ಟಬಲ್ಲುದು. ರೊಬಸ್ಟಾಕ್ಕೆ ಮತ್ತೊಂದು ಗಿಡದ ಪರಾಗವೇ ಆಗಬೇಕು. ಅದನ್ನು ತರುವವರು ಗಾಳಿ ಮತ್ತು ನೊಣ. ಆ ಹೂವು ನಿಲ್ಲುವುದೋ ಮೂರು ನಾಲ್ಕು ದಿನ. ದುಡಿಯುವ ನೊಣದ ಆಯುಷ್ಯವೂ ಕೆಲವೇ ವಾರಗಳದು. ಆಟಿಯಲ್ಲಿದ್ದ ನೊಣ ಮಾರ್ಚಿಯ ಹೂವನ್ನು ಕಾಣದು. ಆದರೆ ಆಟಿಯನ್ನು ದಾಟಿದ ಸಂಸಾರ ಇದ್ದರಲ್ಲವೇ ಮಾರ್ಚಿಯಲ್ಲಿ ಅದರ ಮೊಮ್ಮಕ್ಕಳು ತೋಟಕ್ಕೆ ಹೊರಡುವುದು?

ಈ ವರ್ಷ ಮೇ ತಿಂಗಳಲ್ಲಿ ಮೈಸೂರಿನ ನನ್ನ ಸೋದರತ್ತೆ ದೂರವಾಣಿಯಲ್ಲಿ ಮಾತನಾಡಿ, ಎಂದಿನಂತೆ ನಾಲ್ಕು ಸೀಸೆ ಕಳುಹಿಸಬೇಕೆಂದರು. ಒಂದನ್ನು ಕಳುಹಿಸಿದೆ. “ಮೇಷ್ಟ್ರಾದ ಮೇಲೆ ನಿನ್ನ ಕೈ ಬಿಗಿಯಾಯಿತು ಕಣೋ” ಎಂದು ಬೇಸರಪಟ್ಟುಕೊಂಡರು. ಉಳಿದ ಮೂರು ಎಲ್ಲಿವೆಯೆಂದು ಅವರಿಗೆ ತಿಳಿಸಿ ಹೇಳಲು ಸ್ವಲ್ಪ ಹೊತ್ತೇ ಹಿಡಿಯಿತು. ಅತ್ತೆ ಒಪ್ಪಿದರೋ ಇಲ್ಲವೋ ತಿಳಿಯದು. ಮರುದಿನ ಮತ್ತೆ ಮಾತನಾಡಿ, “ಪೆಟ್ಟಿಗೆಗಳನ್ನು ಮಳೆಗೆ ನೆನೆಯದಂತೆ ಇಟ್ಟಿದ್ದೀಯಷ್ಟೆ?” ಎಂದು ವಿಚಾರಿಸಿದರು.

ಗೆಳೆಯರಿಗೆ ಉತ್ತರ ಬರೆದಿದ್ದೇನೆ: ಡಿಸೆಂಬರಿನಲ್ಲಿ ಕಂಬಳಿಯನ್ನು ತಾವೇ ಹೊದ್ದುಕೊಳ್ಳಿ, ಮೇ ತಿಂಗಳಲ್ಲಿ ಕೆಳಗಿನ ಕೋಣೆಯನ್ನು ಅವಕ್ಕೆ ಬಿಟ್ಟುಕೊಡಿ.

ನಿನ್ನೆ ರಾತ್ರಿ ಮಳೆ ಜೋರಾಗಿತ್ತು. ಊಟವಾದ ಮೇಲೆ ಮಗಳೂ ನಾನೂ ಒಂದೇ ಕೊಡೆಯಡಿಯಲ್ಲಿ ಹಿತ್ತಿಲಿಗೆ ಹೋದೆವು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಮೇಲಿಂದ ಮೇಲೆ ತೆರೆಯಬಾರದು. ಹಿಂಬದಿಯನ್ನು ತುಸು ಎತ್ತಿ ತೂಕವನ್ನು ಅಂದಾಜು ಮಾಡಿದರೆ ಸಾಕು. ನಾಲ್ಕೂ ಭಾರವಾಗಿಯೇ ಇದ್ದವು. ಮಗಳು ಒಂದು ಪೆಟ್ಟಿಗೆಯ ಮಗ್ಗುಲಿಗೆ ಕಿವಿಯಿಟ್ಟಳು. ತಗಡಿನ ಮೇಲೆ ಮಳೆಯ ಸದ್ದಿನ ನಡುವೆ ಏನು ಕೇಳೀತೆಂದುಕೊಂಡೆ.

“ಇದ್ದಾರೆ ಅಪ್ಪಾ” ಎಂದಳು.